ಆಳದ ಸರೋವರಗಳೂ ನಮ್ಮೂರ ಕೆರೆಯೂ



ಜೂನ್ 29ರಂದು ನಾವು ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬವನ್ನು ಆಚರಿಸುತ್ತೇವೆ. ನಮ್ಮ ಕೊಪ್ಪಳ ಸೀಮೆಯಲ್ಲಿ ಅದು ಆಕಾಶ ನೋಡುವ ಕಾಲ. ಮಲೆನಾಡಿನಲ್ಲಿ ಮಳೆ ಹಿಡಿಯಿತೇ, ಕೂಡಲಿಯ ಸಂಗಮ ದಾಟಿ ಕೆಂಪು ನೀರು ಹೊರಟಿತೇ, ಡ್ಯಾಮಿಗೆ ಎಷ್ಟು ಒಳಹರಿವು ಬಂತು ಎಂಬ ಮಾತೇ ಎಲ್ಲ ಕಡೆ. ಅಂಥ ಒಂದು ಭಾನುವಾರ ಪೂಜೆಯ ನಂತರದ ಧರ್ಮೋಪದೇಶ ತರಗತಿಯಲ್ಲಿ ಪೇತ್ರನ ಕಥೆ ಹೇಳುತ್ತಿದ್ದೆ. ರಾತ್ರಿಯಿಡೀ ದುಡಿದರೂ ಒಂದು ಮೀನೂ ಸಿಗದೆ ಬಲೆ ತೊಳೆಯುತ್ತಿದ್ದ ಬೆಸ್ತರಿಗೆ, ದೋಣಿಯನ್ನು ಇನ್ನೂ ಆಳದ ನೀರಿಗೆ ನಡೆಸಿ ಬಲೆ ಬೀಸಲು ಯೇಸುಸ್ವಾಮಿ ಹೇಳಿದ ಪ್ರಸಂಗ. ಸಂತ ಲೂಕರು ಬರೆದಿರುವುದನ್ನು ನೀವೆಲ್ಲ ಬಲ್ಲಿರಿ. ಗಿಣಿಗೇರಾ ಕಡೆಯಿಂದ ಬರುವ ಒಬ್ಬ ಹುಡುಗ ಎದ್ದು ನಿಂತು, "ಆ ಕೆರಿ ಎಷ್ಟು ಆಳ ಇತ್ತು? ನಮ್ಮ ಡ್ಯಾಮಿಗಿಂತ ಆಳನಾ?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ವಿಷಯಗಳು ಒಂದು ತರಗತಿಗೆ ಮೀರಿದವು, ಆದ್ದರಿಂದ ಈ ಬರಹ.

ಮೊದಲು ಹುಡುಗನ ಪ್ರಶ್ನೆಗೆ ಉತ್ತರ. ಗಲಿಲೇಯ ಸರೋವರದ ಅತಿ ಆಳದ ಜಾಗ ಸುಮಾರು 43 ಮೀಟರ್, ಅಂದರೆ 140 ಅಡಿ. ತುಂಗಭದ್ರಾ ಅಣೆಕಟ್ಟಿನ ಎತ್ತರ ಅಡಿಪಾಯದಿಂದ ಲೆಕ್ಕ ಹಾಕಿದರೆ 49 ಮೀಟರ್. ಮೇಲ್ನೋಟಕ್ಕೆ ಎರಡೂ ಹೆಚ್ಚುಕಡಿಮೆ ಸಮಾನ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮ ಜಲಾಶಯ ತುಂಬಿ ನಿಂತಾಗ ಅದರ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1,633 ಅಡಿ, ಅಂದರೆ ಸುಮಾರು 498 ಮೀಟರ್ ಮೇಲಿರುತ್ತದೆ. ಪೇತ್ರನ ದೋಣಿ ತೇಲುತ್ತಿದ್ದ ನೀರು ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ಜಗತ್ತಿನ ಸಿಹಿನೀರಿನ ಸರೋವರಗಳಲ್ಲಿ ಅದರಷ್ಟು ತಗ್ಗಿನಲ್ಲಿರುವುದು ಇನ್ನೊಂದಿಲ್ಲ. ಅಲ್ಲಿಂದ ಹೊರಟ ಜೋರ್ಡನ್ ನದಿ ಇನ್ನೂ ಕೆಳಗಿಳಿದು ಮೃತ ಸಮುದ್ರವನ್ನು ಸೇರುತ್ತದೆ. ಹೆಸರು ಸಮುದ್ರವಾದರೂ ಅದು ಉಪ್ಪಿನ ಸರೋವರ. ಅದರ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗೆ. ಭೂಮಿಯ ಮೇಲೆ ಅದಕ್ಕಿಂತ ತಗ್ಗಾದ ಸರೋವರವಿಲ್ಲ.

ತಗ್ಗು ಬೇರೆ, ಆಳ ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಆಳದ ಮಾತು ಬಂದರೆ ರಷ್ಯದ ಸೈಬೀರಿಯಾದಲ್ಲಿರುವ ಬೈಕಲ್ ಸರೋವರವೇ ಮೊದಲು: 1,642 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್. ಅಷ್ಟೆತ್ತರದ ಬೆಟ್ಟವೊಂದನ್ನು ಬೈಕಲಿನ ತಳದಲ್ಲಿ ನಿಲ್ಲಿಸಿದರೆ ನೀರಿನ ಮೇಲೆ ಕಾಣುವುದು ಮುನ್ನೂರು ಮೀಟರಿನಷ್ಟು ತುದಿ ಮಾತ್ರ. ಆಫ್ರಿಕಾದ ತಾಂಗನಿಕ 1,470 ಮೀಟರಿನೊಂದಿಗೆ ಎರಡನೆಯದು. ಮೇಲ್ಮೈಯಲ್ಲಿ ಮಂಜುಗಡ್ಡೆಯಾಗದೆ ಇರುವ ಜಗತ್ತಿನ ಸಿಹಿನೀರಿನಲ್ಲಿ ಐದನೇ ಒಂದು ಭಾಗ ಬೈಕಲ್ ಒಂದರಲ್ಲೇ ಇದೆ. ನಮಗೆ ಟಿಎಂಸಿ ಲೆಕ್ಕ ಬಾಯಿಪಾಠವಾಗಿರುವುದರಿಂದ ಹಾಗೆಯೇ ಹೇಳುತ್ತೇನೆ: ತುಂಗಭದ್ರಾ ಜಲಾಶಯವನ್ನು ಅಂಚಿನವರೆಗೆ ತುಂಬಿಸಿ ಬರಿದು ಮಾಡುವುದನ್ನು ಸುಮಾರು 7,900 ಸಲ ಮಾಡಿದರೆ ಒಂದು ಬೈಕಲ್.

ಈ ಆಳವನ್ನು ಮೊದಲ ಬಾರಿಗೆ ಶ್ರದ್ಧೆಯಿಂದ ಅಳೆದವರಲ್ಲಿ ಒಬ್ಬ ಕೈದಿ ಇದ್ದನೆಂಬುದು ನನಗೆ ಬಹಳ ಹಿಡಿಸಿತು. ಬೆನೆಡಿಕ್ಟ್ ದಿಬೋವ್‌ಸ್ಕಿ ಪೋಲೆಂಡಿನ ವಿಜ್ಞಾನಿ. ರಷ್ಯದ ಚಕ್ರವರ್ತಿಯ ವಿರುದ್ಧ 1863ರಲ್ಲಿ ಎದ್ದ ಬಂಡಾಯದಲ್ಲಿ ಸೇರಿದ್ದಕ್ಕಾಗಿ ಅವನನ್ನು ಸೈಬೀರಿಯಾಕ್ಕೆ ಗಡೀಪಾರು ಮಾಡಿದರು. ಅಲ್ಲಿ ಅವನು ಕೊರಗುತ್ತಾ ಕೂರಲಿಲ್ಲ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಗೆಳೆಯನೊಂದಿಗೆ ಅದರ ಮೇಲೆ ನಡೆದು, ಮಂಜುಗಡ್ಡೆಯಲ್ಲಿ ತೂತು ಕೊರೆದು, ಭಾರ ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಆಳ ಅಳೆದ. ನಮ್ಮ ಹಿರಿಯರು ಬಾವಿಗೆ ಹಗ್ಗ ಬಿಟ್ಟು ಮಾರು ಎಣಿಸುತ್ತಿದ್ದ ಹಾಗೆಯೇ.

ಇಷ್ಟು ಆಳ ಬಂದದ್ದಾದರೂ ಹೇಗೆ? ಬೈಕಲ್, ತಾಂಗನಿಕ ಇವೆಲ್ಲ ಭೂಮಿ ಸೀಳಿದ ಜಾಗಗಳು. ನೆಲದ ಎರಡು ಭಾಗಗಳು ದೂರ ಸರಿಯುತ್ತವೆ, ನಡುವಿನ ನೆಲ ಕುಸಿಯುತ್ತದೆ. ಜೋರ್ಡನ್ ಕಣಿವೆಯೂ ಭೂಮಿಯ ಇಂಥದೇ ಒಂದು ಬಿರುಕಿನ ಮೇಲಿದೆ. ಇಲ್ಲಿ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಬೈಕಲಿಗೂ ಹೂಳು ಬರುತ್ತದೆ. ಮುನ್ನೂರಕ್ಕೂ ಹೆಚ್ಚು ಹೊಳೆಗಳು ಅದಕ್ಕೆ ಬಂದು ಬೀಳುತ್ತವೆ, ಹೊರಗೆ ಹರಿಯುವುದು ಅಂಗಾರಾ ಒಂದೇ. ಸುಮಾರು ಎರಡೂವರೆ ಕೋಟಿ ವರ್ಷಗಳಿಂದ ಬಂದು ಕೂತ ಹೂಳು ಅದರ ತಳದಲ್ಲಿ ಏಳು ಕಿಲೋಮೀಟರಿನಷ್ಟು ದಪ್ಪವಾಗಿದೆ. ಆದರೂ ಸರೋವರ ತುಂಬಿಹೋಗಿಲ್ಲ. ಏಕೆಂದರೆ ಆ ಸೀಳು ಇವತ್ತಿಗೂ ಅಗಲವಾಗುತ್ತಿದೆ, ತಳ ಕುಸಿಯುತ್ತಲೇ ಇದೆ. ಹೂಳು ಬಂದಷ್ಟೂ ಭೂಮಿಯೇ ಜಾಗ ಮಾಡಿಕೊಡುತ್ತದೆ.

ನಮ್ಮ ನೆಲ ಹಾಗಲ್ಲ. ಕೊಪ್ಪಳ, ಗಂಗಾವತಿ, ಹಂಪಿಯ ಸುತ್ತ ರಾಶಿ ಬಿದ್ದಿರುವ ಈ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಇದು ಗಟ್ಟಿಯಾದ, ಅಲುಗದ ನೆಲ. ಇಲ್ಲಿ ಭೂಮಿ ಸೀಳಿ ಸರೋವರ ಕೊಟ್ಟಿಲ್ಲ, ಹಿಮನದಿ ಕೊರೆದು ಕೊಟ್ಟಿಲ್ಲ. ಇಲ್ಲಿ ನೀರು ನಿಲ್ಲಬೇಕಾದರೆ ಮನುಷ್ಯ ಏರಿ ಹಾಕಬೇಕು. ಆಳ ಉಳಿಯಬೇಕಾದರೆ ಮನುಷ್ಯನೇ ತೋಡುತ್ತಿರಬೇಕು. ಹಳೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕನ್ನಡ ನಾಡಿನ ಶಾಸನಗಳನ್ನು ನೋಡಿದರೆ ಕೆರೆ ಕಟ್ಟಿಸಿದವರ ಹೊಗಳಿಕೆಯ ಜೊತೆಗೆ ಕೆರೆ ನೋಡಿಕೊಳ್ಳುವವರ ಲೆಕ್ಕವೂ ಸಿಗುತ್ತದೆ. ಕೆರೆಯನ್ನು ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಬಿಟ್ಟುಕೊಟ್ಟ ಭೂಮಿಗೆ ಕಟ್ಟುಕೊಡಗೆ, ದಸವಂದ ಎಂಬ ಹೆಸರುಗಳಿದ್ದವು. ಹೂಳು ಹೊರುವ ಬಂಡಿಗೆ, ಅದನ್ನು ಎಳೆಯುವ ಕೋಣಗಳಿಗೆ, ಬಂಡಿ ಹೊಡೆಯುವವನ ಊಟಕ್ಕೆ ದತ್ತಿ ಬಿಟ್ಟದ್ದೂ ಉಂಟು. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ 1369ರ ಶಾಸನವಂತೂ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಟ್ಟುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಅಲ್ಲಿ ದಿನವೂ ಸಾವಿರ ಆಳು, ನೂರು ಬಂಡಿ ಎರಡು ವರ್ಷ ದುಡಿದವಂತೆ.

ಹೊಸಪೇಟೆಯ ರಾಯರ ಕೆರೆಯ ಕಥೆಯನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದರಲ್ಲಿ ಗೋವೆಯಿಂದ ಬಂದ ಒಬ್ಬ ಪೋರ್ಚುಗೀಸನಿದ್ದಾನೆ. ಕೃಷ್ಣದೇವರಾಯ ಆಗ ನಾಗಲಾಪುರವೆಂದು ಕರೆಯುತ್ತಿದ್ದ ಹೊಸ ಊರಿಗೆ ನೀರು ಒದಗಿಸಲು ಎರಡು ಗುಡ್ಡಗಳ ನಡುವೆ ಭಾರಿ ಏರಿ ಹಾಕಿಸಿದ. ಗೋವೆಯ ಪೋರ್ಚುಗೀಸ್ ಗವರ್ನರನ ಕಡೆಯಿಂದ ಜೊವಾವ್ ದೆಲ್ಲಾ ಪೊಂತೆ ಎಂಬ ಕಲ್ಲುಕೆಲಸದ ನಿಪುಣನನ್ನು ಕರೆಸಿಕೊಂಡ. ಆ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ದೊಮಿಂಗೊ ಪಾಯೆಸ್ ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದುದಾಗಿ ಬರೆದಿದ್ದಾನೆ. ಏರಿ ಎರಡು ಮೂರು ಸಲ ಒಡೆಯಿತು. ಆಗ ಅರವತ್ತು ಮಂದಿಯ ತಲೆ ಕಡಿಸಿ ಬಲಿ ಕೊಡಲಾಯಿತೆಂದು ಅವನೇ ಬರೆಯುತ್ತಾನೆ. ನಂತರ ಬಂದ ನೂನಿಜ್, ಕೊಂದದ್ದು ಸೆರೆಯಾಳುಗಳನ್ನು ಎನ್ನುತ್ತಾನೆ. ಇಷ್ಟೆಲ್ಲ ಆಗಿ ಕಟ್ಟಿದ ಕೆರೆ ಈಗ ಇಲ್ಲ. ಹೊಸಪೇಟೆಯ ನೈರುತ್ಯಕ್ಕಿರುವ ದೊಡ್ಡ ಏರಿಯೇ ಅದೆಂದು ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಗುರುತಿಸಿದ.

ಇದನ್ನು ಓದುವಾಗ ನನಗೆ "ಕೆರೆಗೆ ಹಾರ" ನೆನಪಾಯಿತು. ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಆ ಜನಪದ ಹಾಡನ್ನು ಶಾಲೆಯಲ್ಲಿ ಓದಿ ಅತ್ತವರು ನಮ್ಮಲ್ಲಿ ಎಷ್ಟೋ ಜನ. ಕಥೆಯ ಭಾಗೀರಥಿಗಾದರೂ ಒಂದು ಹೆಸರಿದೆ. ರಾಯರ ಕೆರೆಯ ಅರವತ್ತು ಮಂದಿಯ ಹೆಸರನ್ನು ಪಾಯೆಸನೂ ಬರೆಯಲಿಲ್ಲ.

ಇನ್ನು ನಮ್ಮ ಡ್ಯಾಮಿನ ವಿಷಯ. 1944ರಲ್ಲಿ ಮದ್ರಾಸ್ ಸರ್ಕಾರಕ್ಕೂ ಹೈದರಾಬಾದ್ ಸಂಸ್ಥಾನಕ್ಕೂ ಒಪ್ಪಂದವಾಗಿ, 1945ರ ಫೆಬ್ರವರಿ 28ರಂದು ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿತ್ತು. ಬಲಗಡೆ ಹೊಸಪೇಟೆ ಮದ್ರಾಸಿನದು, ಎಡಗಡೆ ಮುನಿರಾಬಾದ್, ಗಿಣಿಗೇರಾ, ಕೊಪ್ಪಳ ಎಲ್ಲ ನಿಜಾಮರದು. ಅಣೆಕಟ್ಟು ಅರ್ಧ ಏರುವಷ್ಟರಲ್ಲಿ ನಿಜಾಮರ ಆಳ್ವಿಕೆಯೇ ಮುಗಿದಿತ್ತು. ನಮ್ಮ ಬಳ್ಳಾರಿ ಧರ್ಮಕ್ಷೇತ್ರ 1949ರಲ್ಲಿ ಸ್ಥಾಪನೆಯಾದಾಗ ಇಲ್ಲಿ ಇನ್ನೂ ಕಲ್ಲು ಕಟ್ಟುತ್ತಿದ್ದರು. 1953ರಲ್ಲಿ ಕಾಲುವೆಗೆ ನೀರು ಬಂತು. ಗಂಗಾವತಿ, ಸಿಂಧನೂರಿನ ಕಡೆ ಭತ್ತ ಬೆಳೆದು ಊರಿನ ಮುಖವೇ ಬದಲಾಯಿತು. ಕೊಪ್ಪಳ ತಾಲೂಕಿನ ಬಹುಪಾಲು ಹೊಲ ಮಾತ್ರ ಹಿನ್ನೀರಿನ ಮಗ್ಗುಲಲ್ಲೇ ಇದ್ದೂ ಮಳೆಯನ್ನೇ ನಂಬಿಕೊಂಡಿತು. ಹತ್ತಾರು ಹಳ್ಳಿಗಳು ಮುಳುಗಿದವು. ಅವುಗಳಲ್ಲಿ ಒಂದರ ಹೆಸರು ನಾರಾಯಣದೇವರಕೆರೆ. ಕೆರೆಯ ಹೆಸರಿಟ್ಟುಕೊಂಡ ಊರೇ ಇನ್ನೊಂದು ಕೆರೆಯಲ್ಲಿ ಮುಳುಗಿತು. ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಮತ್ತೆ ಮನೆ ಕಟ್ಟಿಕೊಂಡರು.

ಆಗ ಜಲಾಶಯದಲ್ಲಿ ಹಿಡಿಯುತ್ತಿದ್ದ ನೀರು 132 ಟಿಎಂಸಿಗೂ ಸ್ವಲ್ಪ ಹೆಚ್ಚು. 2016ರ ಅಳತೆಯ ಪ್ರಕಾರ 105.788 ಟಿಎಂಸಿ. ಅದಕ್ಕೂ ಮೊದಲು 2008ರ ಅಳತೆ ಇನ್ನೂ ಕಡಿಮೆ, 100.855 ಎಂದಿತ್ತು. ದೊಡ್ಡ ಅಂಕಿಯನ್ನೇ ಒಪ್ಪಿಕೊಂಡರೂ ಅರವತ್ತಮೂರು ವರ್ಷಗಳಲ್ಲಿ ಸುಮಾರು 27 ಟಿಎಂಸಿ ಜಾಗವನ್ನು ಹೂಳು ತಿಂದಿದೆ. ಪತ್ರಿಕೆಗಳಲ್ಲಿ ಈ ಅಂಕಿ ಬಂದಾಗ ನಾವು ಓದಿ ಪುಟ ತಿರುವುತ್ತೇವೆ. ಆದ್ದರಿಂದ ಕಾಗದ ಪೆನ್ನು ಹಿಡಿದು ಸ್ವಲ್ಪ ಗುಣಿಸಿ ಭಾಗಿಸಿ ನೋಡಿದೆ. ತುಂಬಿದಾಗ ಜಲಾಶಯದ ಹರವು 378 ಚದರ ಕಿಲೋಮೀಟರ್. ಆ ಹೂಳನ್ನು ಅಷ್ಟೂ ಹರವಿನ ಮೇಲೆ ಸಮನಾಗಿ ಹರಡಿದರೆ ಎರಡು ಮೀಟರ್ ದಪ್ಪ ಬರುತ್ತದೆ. ಎತ್ತರದ ಮನುಷ್ಯನೊಬ್ಬ ನಿಂತರೆ ತಲೆ ಮುಚ್ಚುವಷ್ಟು. ಹಾಗೆಯೇ ನೀರಿನ ಸರಾಸರಿ ಆಳ ಹತ್ತು ಮೀಟರಿನಿಂದ ಎಂಟಕ್ಕೆ ಇಳಿದಿದೆ. ಅಣೆಕಟ್ಟಿನ ಬುಡದಲ್ಲಿ ನಿಂತು ನೋಡಿದರೆ ಸಮುದ್ರದಂತೆ ಕಾಣುವ ನಮ್ಮ ಡ್ಯಾಮು ನಿಜಕ್ಕೂ ಅಗಲವಾದ ಒಂದು ತಟ್ಟೆ.

ತೆಗೆಸಬಾರದೇ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಒಂದು ದೊಡ್ಡ ಟಿಪ್ಪರ್ ಲಾರಿ ಸಲಕ್ಕೆ ಹತ್ತು ಘನ ಮೀಟರ್ ಹೊರುತ್ತದೆಂದು ಇಟ್ಟುಕೊಳ್ಳಿ. ಇರುವ ಹೂಳಿಗೆ ಏಳೂವರೆ ಕೋಟಿ ಲೋಡು. ದಿನಕ್ಕೆ ಸಾವಿರ ಲೋಡು ಹೊಡೆದರೆ ಇನ್ನೂರು ವರ್ಷ ದಾಟುತ್ತದೆ. ಅಷ್ಟರಲ್ಲಿ ಹೊಸ ಹೂಳು ಬರದೆ ಇರುವುದಿಲ್ಲ. ಈವರೆಗಿನ ಸರಾಸರಿಯಂತೆ ವರ್ಷಕ್ಕೆ ಬರುವ ಹೂಳನ್ನು ಮಾತ್ರ ಹೊರಹಾಕಲಿಕ್ಕೇ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಲೋಡು ಬೇಕು. ಸುಮಾರು 28,000 ಚದರ ಕಿಲೋಮೀಟರ್ ಜಲಾನಯನದ ಮಣ್ಣು, ಕಾಡು ಕಡಿದ ಇಳಿಜಾರು, ಏರಿ ಇಲ್ಲದ ಹೊಲ, ಎಲ್ಲವೂ ಇಲ್ಲಿಗೆ ಬಂದು ಕೂರುತ್ತವೆ. 2017ರ ಬೇಸಿಗೆಯಲ್ಲಿ ರೈತರು "ಹೂಳಿನ ಜಾತ್ರೆ" ಎಂದು ಕರೆದು ತಾವೇ ಜಲಾಶಯದೊಳಗೆ ಇಳಿದು ಹೂಳೆತ್ತಿದರು. ಲೆಕ್ಕದಲ್ಲಿ ಅದು ಸಾಸಿವೆಯಷ್ಟೂ ಅಲ್ಲ. ಆದರೂ ಕೂತು ಅಂಕಿ ಗುಣಿಸುವ ನನ್ನಂಥವನಿಗಿಂತ ಗುದ್ದಲಿ ಹಿಡಿದು ಇಳಿದವರಿಗೇ ನಾನು ಹೆಚ್ಚು ಮಾನ ಕೊಡುತ್ತೇನೆ. ಕಳೆದುಕೊಂಡ ನೀರಿಗೆ ಬದಲಾಗಿ ಕನಕಗಿರಿ ಬಳಿಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವಿದೆ. ಅದಕ್ಕೆ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಬೇಕು, ಮತ್ತೆ ರೈತರ ಸಾವಿರಾರು ಎಕರೆ ಹೊಲವೂ ಬೇಕು.

ತಟ್ಟೆಯಂಥ ಕೆರೆಯ ಅಪಾಯವೇನೆಂದು 2024ರ ಆಗಸ್ಟ್ 10ರ ರಾತ್ರಿ ನಮಗೆ ತಿಳಿಯಿತು. ಜಲಾಶಯ ತುಂಬಿತ್ತು. 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲೆ ಒತ್ತಡ ಬೀಳದಿರಲೆಂದು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಮೇಲಿನ ಆ ಇಪ್ಪತ್ತು ಅಡಿಯಲ್ಲೇ ಜಲಾಶಯದ ಅರ್ಧಕ್ಕಿಂತ ಹೆಚ್ಚು ನೀರಿದೆ! ಭತ್ತದ ಸಸಿ ನಾಟಿ ಮಾಡಿದ್ದವರು ಆ ವಾರ ನಿದ್ದೆ ಮಾಡಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರು ಹರಿಯುವ ನೀರಿನಲ್ಲೇ ಉಕ್ಕಿನ ತಡೆಗಳನ್ನು ಒಂದೊಂದಾಗಿ ಇಳಿಸಿ, ವಾರದೊಳಗೆ ನೀರು ನಿಲ್ಲಿಸಿದರು. ಆ ಮಳೆಗಾಲ ಉದಾರವಾಗಿತ್ತು, ಜಲಾಶಯ ಮತ್ತೆ ತುಂಬಿತು.

ಸರೋವರ ಬತ್ತುವುದಕ್ಕೆ ಹೂಳೇ ಬೇಕೆಂದಿಲ್ಲ ಎಂಬುದಕ್ಕೆ ಮೃತ ಸಮುದ್ರವೇ ಸಾಕ್ಷಿ. ಅದರ ತಳ ಇನ್ನೂ ಸುಮಾರು 300 ಮೀಟರ್ ಆಳದಲ್ಲಿದೆ. ಆದರೆ ಬರುವ ನೀರನ್ನು ಮೇಲೆಯೇ ತಡೆದರು. ಗಲಿಲೇಯ ಸರೋವರದಿಂದ ಇಸ್ರೇಲ್ 1964ರಿಂದ ಕೊಳವೆ, ಕಾಲುವೆಗಳ ಮೂಲಕ ನೀರು ಎತ್ತಿತು. ಉಪನದಿಗಳಿಗೆ ಜೋರ್ಡನ್ ಮತ್ತು ಸಿರಿಯಾ ದೇಶಗಳು ಅಡ್ಡ ಕಟ್ಟಿದವು. ಸ್ನಾನಿಕ ಯೊವಾನ್ನರು ದೀಕ್ಷಾಸ್ನಾನ ಕೊಟ್ಟ ನದಿ ಇವತ್ತು ಅನೇಕ ಕಡೆ ಕಾಲುವೆಯಷ್ಟೇ ಅಗಲ. ಮೃತ ಸಮುದ್ರ ವರ್ಷಕ್ಕೆ ಒಂದು ಮೀಟರಿನಷ್ಟು ಇಳಿಯುತ್ತಿದೆ. ಜಗತ್ತಿನ ಅತಿ ತಗ್ಗಿನ ಸರೋವರ ಪ್ರತಿವರ್ಷ ಇನ್ನಷ್ಟು ತಗ್ಗಿಗೆ ಹೋಗಿ ತನ್ನ ದಾಖಲೆಯನ್ನು ತಾನೇ ಮುರಿಯುತ್ತಿದೆ. ನೀರು ಸರಿದ ದಂಡೆಯಲ್ಲಿ ನೆಲ ಹಠಾತ್ತನೆ ಕುಸಿದು ಗುಂಡಿಗಳಾಗುತ್ತಿವೆ.

ಮತ್ತೆ ನಮ್ಮ ಊರಿಗೆ ಬರೋಣ. ಡ್ಯಾಮಿನ ಹೂಳಿಗೆ ಇನ್ನೂರು ವರ್ಷ ಬೇಕೆಂಬ ಲೆಕ್ಕ ಊರ ಕೆರೆಗೆ ಅನ್ವಯಿಸುವುದಿಲ್ಲ. ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು 2019ರಲ್ಲಿ ಜನರನ್ನು ಕರೆದುಕೊಂಡು ಹಿರೇಹಳ್ಳಕ್ಕೆ ಇಳಿದರು. ಜಾಲಿ ಬೆಳೆದು ಮುಚ್ಚಿಹೋಗಿದ್ದ ಹಳ್ಳ ಮತ್ತೆ ಹಳ್ಳವಾಯಿತು. ಕುಷ್ಟಗಿ ತಾಲೂಕಿನ ನಿಡಶೇಸಿ ಕೆರೆಯಲ್ಲೂ ಹೂಳು ತೆಗೆದರು. 2021ರಲ್ಲಿ ಗಿಣಿಗೇರಾ ಕೆರೆಯ ಸರದಿ ಬಂತು. ಸುತ್ತ ಉಕ್ಕಿನ ಕಾರ್ಖಾನೆಗಳು, ನಡುವೆ ರೈಲು ನಿಲ್ದಾಣ, ಪಕ್ಕದಲ್ಲಿ ಹೆದ್ದಾರಿ. ಅದರ ಮಧ್ಯೆ ಹೂಳು ತುಂಬಿ ಕೂತಿದ್ದ ಕೆರೆ. ಜನರೇ ದುಡ್ಡು ಹಾಕಿದರು, ಯಂತ್ರಗಳು ಇಳಿದವು, ಸ್ವಾಮಿಗಳು ಮುಂದೆ ನಿಂತು ಕೆಲಸ ಮಾಡಿಸಿದರು. ಶಾಸನಗಳ ಕಾಲದ ಕೋಣದ ಬಂಡಿಯ ಬದಲು ಈಗ ಟಿಪ್ಪರ್, ಅಷ್ಟೇ. ಬೇರೆ ಮಠದ ಕೆಲಸವನ್ನು ನಮ್ಮ ಪತ್ರಿಕೆಯಲ್ಲಿ ಏಕೆ ಹೊಗಳುತ್ತೀರೆಂದು ಯಾರಾದರೂ ಕೇಳಿದರೆ, ಆ ಕೆರೆಯ ಸುತ್ತಲಿನ ಬೋರಿನ ನೀರು ಕುಡಿಯುವವರನ್ನು ಮೊದಲು ಕೇಳಿ ಎನ್ನುತ್ತೇನೆ.

ಕಳೆದ ಬೇಸಿಗೆಯಲ್ಲಿ ಹೊಸಪೇಟೆಯಿಂದ ಕೊಪ್ಪಳಕ್ಕೆ ರೈಲಿನಲ್ಲಿ ಬರುತ್ತಿದ್ದೆ. ಎದುರು ಸೀಟಿನಲ್ಲಿ ಒಬ್ಬ ವೃದ್ಧರು. ಮುನಿರಾಬಾದ್ ದಾಟಿದ ಮೇಲೆ ಕಿಟಕಿಯಾಚೆ ಕೈ ತೋರಿಸಿ, ತಮ್ಮ ತಂದೆಯ ಊರು ಹಿನ್ನೀರಿನಲ್ಲಿ ಮುಳುಗಿತೆಂದರು. ತಾವಾಗ ತೊಡೆಯ ಮೇಲಿನ ಕೂಸು, ಏನೂ ನೆನಪಿಲ್ಲ. ತಾಯಿ ಹೇಳಿದ್ದಷ್ಟೇ ಗೊತ್ತು. ಊರಲ್ಲಿ ಒಂದು ಬಾವಿಯಿತ್ತಂತೆ, ಎಂಥ ಬರದಲ್ಲೂ ಬತ್ತುತ್ತಿರಲಿಲ್ಲವಂತೆ. ಹೊರಡುವ ದಿನ ತಾಯಿ ಕೊನೆಯ ಕೊಡ ಸೇದಿ, ಹಗ್ಗವನ್ನು ಬಿಚ್ಚಿ ಸುತ್ತಿ ಗಾಡಿಯಲ್ಲಿ ಹಾಕಿಕೊಂಡಳಂತೆ. "ಬಾಳ ಆಳದ ಬಾವಿರೀ, ಹಗ್ಗ ಹೊಸಾ ಮನಿ ಬಾವಿಗೆ ಎರಡು ಸುತ್ತು ಹೆಚ್ಚಾತು" ಎಂದರು. ಅಷ್ಟರಲ್ಲಿ ಗಿಣಿಗೇರಾ ಬಂತು, ಚೀಲ ಹೆಗಲಿಗೇರಿಸಿ ಇಳಿದುಹೋದರು.